ಬಿಟ್ಟಿ ಸಾಫ್ಟ್‌ವೇರು ತೋರಿಸಿದ ಕಣ್ಣು

ಅನುಮಾನ ನನ್ನ ಹುಟ್ಟುಗುಣ. ಆದರೆ ಈ ಐವತ್ತು ವರ್ಷದಲ್ಲಿ ಅನುಮಾನ ಪಡಬೇಕಾದ ಕಡೆ ಒಮ್ಮೆಯೂ ಪಟ್ಟವನಲ್ಲ.

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿರುವ ನಮ್ಮ ರೈತರ ಸಂಘದ ಆಫೀಸು ಎಂದರೆ ಒಂದೇ ಕೋಣೆ. ಕಾರ್ಯದರ್ಶಿ ನಾನು, ಗುಮಾಸ್ತೆ ಜಯಮ್ಮ, ಎರಡು ಕಂಪ್ಯೂಟರು. ಇಷ್ಟಕ್ಕೇ ಇಂಟರ್‌ನೆಟ್ ತೆವಳತೊಡಗಿದಾಗ, ಜಯಮ್ಮ ಸೀರಿಯಲ್ ನೋಡುತ್ತಾರೆಂದು ನಾನೂ, ನಾನು ಕ್ರಿಕೆಟ್ ನೋಡುತ್ತೇನೆಂದು ಅವರೂ ನಂಬಿದೆವು. ಅವರ ನಂಬಿಕೆ ನಿಜವೂ ಆಗಿತ್ತೆನ್ನಿ.

ಯಾವ ಯಂತ್ರ ಎಷ್ಟು ಇಂಟರ್‌ನೆಟ್ ತಿನ್ನುತ್ತಿದೆ ಎಂದು ತೋರಿಸುವ ಸಾಫ್ಟ್‌ವೇರು ಹುಡುಕಿದೆ. ಒಂದನ್ನು ಕೊಳ್ಳಬೇಕಾದರೆ ಆಫೀಸನ್ನೇ ಮಾರಬೇಕಿತ್ತು. ಇನ್ನೊಂದು ಮೊದಲ ತಿಂಗಳಷ್ಟೇ ಪುಕ್ಕಟೆ, ಆಮೇಲೆ ಕುತ್ತಿಗೆಗೆ ಕೈ. ಕೊನೆಗೆ ಪೂರ್ತಿ ಬಿಟ್ಟಿಯಾದದ್ದನ್ನು ಹಾಕಿಕೊಂಡೆ. ನೋಡಲು ಕುರೂಪ, ಆದರೆ ರೂಟರಿಗೆ ಅಂಟಿಕೊಂಡ ಪ್ರತಿ ಯಂತ್ರಕ್ಕೂ ಒಂದೊಂದು ಗೆರೆ ಎಳೆದು ತೋರಿಸುತ್ತಿತ್ತು.

ಅಂದು ಮಧ್ಯಾಹ್ನ ಊಟ ಮಾಡುತ್ತಾ ಪರದೆ ನೋಡುತ್ತಿದ್ದೆ. ಎರಡೂ ಕಂಪ್ಯೂಟರಿನ ಗೆರೆಗಳು ಮಲಗಿದ್ದವು. ಮೂರನೆಯದೊಂದು ಎದ್ದು ನಿಂತಿತು. ಅದು ಗೋಡೆಯ ಮೇಲಿದ್ದ ಕ್ಯಾಮೆರಾದ್ದು. ಕಳ್ಳರ ಭಯಕ್ಕೆ ಅಗ್ಗದಲ್ಲಿ ತಂದದ್ದು. ಫೋನಿನಿಂದ ತಿರುಗಿಸಿದರೆ ಮಾತ್ರ ತಿರುಗುವಂಥದ್ದು. ನನ್ನ ಫೋನು ಚಾರ್ಜಿಲ್ಲದೆ ಮೇಜಿನ ಮೇಲೆ ಸತ್ತು ಬಿದ್ದಿತ್ತು.

ಜಯಮ್ಮ ಡಬ್ಬಿ ತೊಳೆಯಲು ಎದ್ದರು. ಕ್ಯಾಮೆರಾ ನಿಧಾನವಾಗಿ ಅವರತ್ತ ಕತ್ತು ಹೊರಳಿಸಿತು. ನಾನು ಅದನ್ನೇ ನೋಡಿದೆ. ಅದು ನನ್ನತ್ತ ತಿರುಗಿ ನೋಡಿತು. ಒಂದು ಗಳಿಗೆ ಬಿಟ್ಟು, ಸಿಕ್ಕಿಬಿದ್ದ ಮನುಷ್ಯನ ಹಾಗೆ, ಗೋಡೆಯ ಕಡೆ ಮುಖ ಮಾಡಿತು.

ವೈರು ಕಿತ್ತೆ. ಕ್ಯಾಮೆರಾ ಬಂದ ಡಬ್ಬದ ಮೇಲೆ ಅಚ್ಚಾಗಿದ್ದ ಪಾಸ್‌ವರ್ಡನ್ನೇ ಬದಲಿಸದೆ ಇಟ್ಟ ಜಾಣ ನಾನೇ. ಎಲ್ಲೋ ಕೂತ ಯಾವನೋ ಒಬ್ಬ ಅದೇ ದಾರಿಯಲ್ಲಿ ಒಳಗೆ ಬಂದಿದ್ದ.

“ಯಾವಾಗಿಂದ ನೋಡ್ತಾವ್ನೆ ಸಾರ್?” ಎಂದರು ಜಯಮ್ಮ.

“ಗೊತ್ತಿಲ್ಲ ಕಣಮ್ಮ. ತಪ್ಪು ನಂದೇ.”

“ಬೇಗೂರಿಂದ ಬಸ್ಸಲ್ಲಿ ನುಗ್ಗಾಡ್ಕಂಡು ಬಂದು ಸೀರೆ ಸರಿ ಮಾಡ್ಕಳದು ಇಲ್ಲೇ ಕಣ್ ಸಾರ್, ಬಾಗ್ಲಾಕ್ಕಂಡು.”

ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ತೊಳೆಯದ ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡರು.

ಕನ್ನಡದಲ್ಲಿ ನೋಟಕ್ಕೂ ದೃಷ್ಟಿ ಎನ್ನುತ್ತೇವೆ, ಆ ನೋಟದಿಂದ ತಾಕುವ ಕೆಡುಕಿಗೂ ದೃಷ್ಟಿಯೇ. ಹೀಗೆ ಎರಡಕ್ಕೂ ಒಂದೇ ಪದ ಇಟ್ಟವರನ್ನು ನೆನೆದು ನಾನು ನಕ್ಕಿದ್ದುಂಟು. ಮರುದಿನ ಜಯಮ್ಮ ಚೀಲದಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು ತಮಗೆ ನಿವಾಳಿಸಿಕೊಂಡಾಗ ನಗು ಬರಲಿಲ್ಲ.

“ಎದ್ದೇಳಿ ಸಾರ್, ನಿಮ್ಗೂ ತೆಗೀತೀನಿ. ನಿಮ್ಮುನ್ನೂ ನೋಡವ್ನಲ್ವಾ” ಎಂದರು.

ಕ್ಷಮೆ ಕೇಳಲು ರಾತ್ರಿಯೆಲ್ಲ ಮಾತು ಹೊಂದಿಸಿಕೊಂಡು ಬಂದಿದ್ದವನು ಸುಮ್ಮನೆ ಎದ್ದು ನಿಂತೆ.

ಹಿತ್ತಲಲ್ಲಿ ಬೆಂಕಿಗೆ ಹಾಕಿದೆವು. ದೃಷ್ಟಿ ತಾಕಿಲ್ಲದಿದ್ದರೆ ಮೆಣಸಿನಕಾಯಿಯ ಘಾಟಿಗೆ ಬೀದಿಯೇ ಕೆಮ್ಮಬೇಕಂತೆ. ಇಬ್ಬರೂ ಹೊಗೆಯ ಮೇಲೆ ಬಗ್ಗಿ, ಕೆಮ್ಮು ಬರಲಿ ಎಂದು ಕಾದೆವು. ಮೆಣಸಿನಕಾಯಿ ಸುಟ್ಟು ಕರಿಯಾಯಿತು. ಕೆಮ್ಮು ಬರಲಿಲ್ಲ.