ಸೊಗಡು ಹೋದ ಮಾತು

ಅವ್ವ ಮಾರುಕಟ್ಟೆಯಲ್ಲಿ ಅವರೆಕಾಯಿ ಮಾರಿ ನನ್ನನ್ನು ಬೆಳೆಸಿದವಳು. ನಾನು ವಿಜಯನಗರದಲ್ಲಿ ಸ್ವಂತ ಅಂಗಡಿ ಇಟ್ಟದ್ದೂ ಅವಳಿಂದ ಕಲಿತ ಚೌಕಾಸಿಯ ಬಲದಿಂದಲೇ. ಹೋದ ವರ್ಷ ಮಗಳ ಕಾಲೇಜಿನಲ್ಲಿ, ಮನೆಯ ಹಿರಿಯರ ಮಾತನ್ನು ಇದ್ದ ಹಾಗೇ ಬರೆದು ತರಲು ಹೇಳಿದ್ದರು. ಅವಳು ಅಜ್ಜಿಯ ಪಕ್ಕ ಕೂತು ಫೋನಿನಲ್ಲಿ ಬರೆದುಕೊಂಡಳು. ಸರಕು ನೀಟಾಗಿ ಕಂಡರೇ ಗಿರಾಕಿ ನಿಲ್ಲುವುದು ಎಂದು ನಂಬಿದವನು ನಾನು. "ಎಐಗೆ ಕೊಟ್ಟು ತಿದ್ದಿಸ್ಬುಡು ಕಣಮ್ಮ, ಮಾರ್ಕ್ಸ್ ಬರುತ್ತೆ" ಎಂದೆ.

"ಸೊಗಡು ಮೂಸ್ನೋಡಿ ಸಾಮಿ, ಆಮೇಲೆ ಚೌಕಾಸಿ ಮಾಡೀರಂತೆ" ಎಂಬ ಅವ್ವನ ಮಾತು, "ಗುಣಮಟ್ಟವನ್ನು ಪರಿಶೀಲಿಸಿ, ನಂತರ ಬೆಲೆಯ ಕುರಿತು ಚರ್ಚಿಸೋಣ" ಎಂದಾಯಿತು. ಮೇಷ್ಟ್ರು ಅದನ್ನು ಹಿಂದಿರುಗಿಸಿದರು. "ಇದ್ರಲ್ಲಿ ಅಜ್ಜಿ ಎಲ್ಲಿದ್ದಾರಮ್ಮ? ಮತ್ತೆ ಕೇಳಿ ಬರ್ಕೊಂಡ್ ಬಾ."

ಮೊದಲು ಬರೆದದ್ದು ಅಳಿಸಿಹೋಗಿತ್ತು. ಮಗಳು ನಡೆದದ್ದನ್ನೆಲ್ಲ ಹೇಳಿ, ತಿದ್ದಿದ್ದನ್ನೂ ಅಜ್ಜಿಗೆ ಓದಿದಳು.

"ಇವ್ಳ್ಯಾರವ್ವ, ಬ್ಯಾಂಕ್ ಮೇನೇಜ್ರಾ?" ಎಂದು ಅವ್ವ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು. "ನನ್ ಮಾತು ನಿಂಗೆ ನಾಚ್ಕೆ ಆಯ್ತೇನ್ಲಾ?"

ಮಕ್ಕಳಿಗೆ ಎಐ ಬೇಡ ಎನ್ನುವವನಲ್ಲ ನಾನು. ಯಾವುದನ್ನು ಅದರ ಕೈಗೆ ಕೊಡಬಾರದು ಎಂಬುದನ್ನು ಮೊದಲು ಹೇಳಿಕೊಡಿ. ನಾನು ಹೇಳಿಕೊಡಲಿಲ್ಲ. ಈಗ ಮೊಮ್ಮಗಳು ಬರೆಯಲು ಕೂತರೆ ಅವ್ವ "ಎಂಗೆ" ಎನ್ನಲು ಹೋಗಿ, ತಡೆದು, "ಹೇಗೆ" ಎನ್ನುತ್ತಾಳೆ.