ಮೊದಲ ಇಳಿತಕ್ಕೆ ಜೊತೆ ಕೂರುವ ಪುಕ್ಕಲು ಮೇಸ್ತ್ರಿ

ಬೆಳಗಿನ ಐದೂಕಾಲು. ಬೆಟ್ಟದ ರಸ್ತೆ ಶುರುವಾಗುವ ಕಡೆ, ತಗಡಿನ ಮಾಡಿನ ಟೈರು ಅಂಗಡಿಯ ಮುಂದೆ, ಗೋಣಿಚೀಲದ ಮೇಲೆ ಐವತ್ತೆಂಟರ ಮನುಷ್ಯರೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ನಾಲ್ಕು ಹೊಸ ಟೈರುಗಳು. ಬಾಯಲ್ಲಿ ಪುಟ್ಟ ಟಾರ್ಚು ಕಚ್ಚಿಕೊಂಡು ಒಂದೊಂದೇ ಟೈರಿನ ಪಕ್ಕೆಯನ್ನು ಅಂಗೈಯಿಂದ ಸವರುತ್ತಾ ಬರುತ್ತಾರೆ. ನಾಲ್ಕನೆಯದಕ್ಕೆ ಬಂದಾಗ ಕೈ ನಿಲ್ಲುತ್ತದೆ. ಅಲ್ಲಿ ಅಚ್ಚಾದ ಅಂಕಿಯನ್ನು ಒಮ್ಮೆ ಓದುತ್ತಾರೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದುತ್ತಾರೆ. "ಅಯ್ಯೋ ದೇವರೇ" ಅಂತ ಸಣ್ಣಗೆ ಅಂದುಕೊಂಡು ಚೀಲದ ಮೇಲೆ ಪೂರ್ತಿ ಕುಸಿದು ಕೂರುತ್ತಾರೆ.

ಊರಿಗೆಲ್ಲ ಇವರು ಪುಕ್ಕಲು ಮೇಸ್ತ್ರಿ. ಎದುರಿಗೇ ಹಾಗೆ ಕರೆಯುತ್ತಾರೆ, ಇವರೂ "ಏನಪ್ಪಾ" ಅಂತ ಓಗೊಡುತ್ತಾರೆ. ಇಪ್ಪತ್ತನಾಲ್ಕು ವರ್ಷದಿಂದ ಬೆಟ್ಟ ಹತ್ತುವ ಪಿಕಪ್ಪುಗಳಿಗೆ ಟೈರು ಆರಿಸಿ ಹಾಕುವುದು ಇವರ ಕಸುಬು. ಮುಂದಿರುವುದು ಮೂವತ್ನಾಲ್ಕು ಕಿಲೋಮೀಟರು ದಾರಿ, ಐವತ್ತೇಳು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಆ 'ಏನೂ ಇಲ್ಲ'ದ ಕಡೆಗೆ ಮೇಸ್ತ್ರಿ ತಲೆ ತಿರುಗಿಸಿಯೂ ನೋಡುವುದಿಲ್ಲ. ಹೆದರಿಕೆ ಅಂದರೆ ಅಂಥಿಂಥ ಹೆದರಿಕೆಯಲ್ಲ. ಹಾಸಿಗೆಯಲ್ಲಿ ಮಲಗಿ ಕಣ್ಣು ಮುಚ್ಚಿದರೂ ಆ ಅಂಚು ಎದುರಿಗೆ ಬಂದು ನಿಲ್ಲುತ್ತದಂತೆ.

ಇವತ್ತಿನ ಹೆದರಿಕೆಗೆ ಕಾರಣವೂ ಇದೆ. ಎದುರಿಗೆ ಜಾಕಿನ ಮೇಲೆ ನಿಂತಿರುವುದು ಬೆಟ್ಟದ ಮೇಲಿನ ಚಿಕಿತ್ಸಾಲಯದ ಪಿಕಪ್ಪು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವಂಥದ್ದು, ಡ್ರೈವರುಗಳ ಬಾಯಲ್ಲಿ 'ಫೋರ್ ವೀಲು'. ಹಳೆಯ ಟೈರುಗಳು ಸವೆದು ಒಳಗಿನ ನೂಲು ಕಾಣಿಸಿವೆ. ಮೇಲಿನ ಹಳ್ಳಿಯಲ್ಲೊಬ್ಬಳು ತುಂಬಿದ ಬಸುರಿ ಇದ್ದಾಳೆ, ದಿನ ಹತ್ತಿರ ಬಂದಿದೆ. ನಾಳೆಯಿಂದ ದೊಡ್ಡ ಮಳೆ ಅಂತ ಮುನ್ಸೂಚನೆ. ಮಳೆ ಹಿಡಿದರೆ ದಾರಿ ಮುಚ್ಚುತ್ತದೆ. ಆದ್ದರಿಂದ ಅವಳನ್ನು ಇವತ್ತೇ ಕೆಳಗಿನ ಆಸ್ಪತ್ರೆಗೆ ಇಳಿಸಬೇಕು. ಇರುವುದೊಂದೇ ಬಂಡಿ. ಅದನ್ನು ಓಡಿಸುವವಳು ಮೇಸ್ತ್ರಿಯ ಮಗಳು.

ಮಗಳು ಸ್ಟೂಲಿನ ಮೇಲೆ ಕೂತು ಚಹಾ ಹೀರುತ್ತಿದ್ದಾಳೆ. ಅಪ್ಪನ ಮುಖ ನೋಡಿಯೇ ಲೋಟ ಕೆಳಗಿಡುತ್ತಾಳೆ.

"ಏನಪ್ಪಾ?"

"ಮೂರು ಈ ವರ್ಷದ್ದು. ನಾಲ್ಕನೇದು ಏಳು ವರ್ಷದ ಹಿಂದಿಂದು ಕಣೇ."

ಹೊರಗಿನಿಂದ ನೋಡಿದರೆ ನಾಲ್ಕೂ ಅಕ್ಕತಂಗಿಯರೇ. ಅದೇ ಅಳತೆ, ಅದೇ ಹೊಳಪು, ನಾಲ್ಕಕ್ಕೂ ಹೊಸ ಟೈರಿನ ಮೈಮೇಲೆ ಚಾಚಿರುವ ರಬ್ಬರಿನ ಸಣ್ಣ ಮೀಸೆ ಹಾಗೇ ಇದೆ. ಆದರೆ ಪಕ್ಕೆಯ ಮೇಲೆ ನಾಲ್ಕಂಕಿಯ ಒಂದು ಗುರುತಿರುತ್ತದೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಟೈರಿನ ಜಾತಕ ಅದು, ಓದುವವರು ಕಡಿಮೆ. ಮೇಸ್ತ್ರಿ ಹೆಬ್ಬೆರಳ ಉಗುರನ್ನು ಹಳೆಯ ರಬ್ಬರಿಗೆ ಊರುತ್ತಾರೆ, ಗುರುತೇ ಮೂಡುವುದಿಲ್ಲ. ಪಕ್ಕದ್ದಕ್ಕೆ ಊರುತ್ತಾರೆ, ಗೆರೆ ಮೂಡಿ ನಿಧಾನಕ್ಕೆ ಮಾಯವಾಗುತ್ತದೆ. "ಉಗ್ರಾಣದಲ್ಲಿ ಬಿದ್ದು ಬಿದ್ದು ಕಲ್ಲಾಗಿದೆ. ಬೆಳ್ಳಗಿರೋದೆಲ್ಲ ಹಾಲಲ್ಲ, ಕಪ್ಪಗಿರೋದೆಲ್ಲ ಹೊಸ ಟೈರಲ್ಲ" ಅನ್ನುತ್ತಾರೆ.

ಪಿಕಪ್ಪಿಗೆ ಟೈರು ಆರಿಸುವುದು ಸೀರೆ ಆರಿಸಿದ ಹಾಗೆ ಅಂದುಕೊಂಡವರೇ ಇವರ ಅಂಗಡಿಗೆ ಹೆಚ್ಚು ಬರುತ್ತಾರೆ. ತಿಂಗಳಿಗೆ ಮೂರೋ ನಾಲ್ಕೋ ಬಂಡಿ. ಅದರಲ್ಲಿ ಇಬ್ಬರಿಗಾದರೂ ದೊಡ್ಡ ದೊಡ್ಡ ಹಲ್ಲಿನ ಟೈರೇ ಬೇಕು, ನೋಡಲು ಗತ್ತಾಗಿರುತ್ತದಲ್ಲ. ಮೇಸ್ತ್ರಿ ಬೇಡ ಅನ್ನುತ್ತಾರೆ. ಆ ಹಲ್ಲು ಕೆಸರಿಗೆ ಸರಿ, ನೆನೆದ ಬಂಡೆಯ ಮೇಲೆ ಹಿಡಿತವಿಲ್ಲ. ಈ ದಾರಿಯಲ್ಲಿ ಡಾಂಬರು, ಜಲ್ಲಿ, ಜೇಡಿಮಣ್ಣು ಮೂರೂ ಇದೆ, ಆದ್ದರಿಂದ ನಡುವಿನ ಹಲ್ಲಿನದು ಬೇಕು. ಪಕ್ಕೆ ದಪ್ಪ ಇರಬೇಕು, ಚೂಪುಗಲ್ಲು ಸೀಳಬಾರದು. ಬಂದವರಿಗೆಲ್ಲ ಅವರು ಕೇಳುವುದು ಮೂರೇ ಪ್ರಶ್ನೆ: ಏನು ಹೊರ್ತೀರಿ, ಯಾವ ದಾರಿ, ಮನೆಯಲ್ಲಿ ಯಾರ್ಯಾರಿದ್ದಾರೆ. ಮೂರನೆಯದಕ್ಕೆ ಜನ ನಗುತ್ತಾರೆ. ಮೇಸ್ತ್ರಿ ನಗುವುದಿಲ್ಲ.

ಆರೂವರೆಗೆ, ಚಿಕಿತ್ಸಾಲಯಕ್ಕೆ ಸಾಮಾನು ಒದಗಿಸುವ ಉಗ್ರಾಣದ ಗುಮಾಸ್ತರು ಸ್ಕೂಟರಿನಲ್ಲಿ ಬಂದಿಳಿಯುತ್ತಾರೆ. ಟೈರು ಕಳಿಸಿಕೊಟ್ಟವರು ಅವರೇ. ವಿಷಯ ಕೇಳಿ ಅವರ ಮುಖ ಸಣ್ಣದಾಗುತ್ತದೆ.

"ಇನ್ನೊಂದು ತರಿಸೋಕೆ ನಾಲ್ಕು ದಿನ ಬೇಕು ಮೇಸ್ತ್ರಿ. ಮೂರು ಹೊಸದು ಹಾಕಿ, ಇದೊಂದನ್ನ ಹಿಂದಕ್ಕೆ ಹಾಕಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ತಿರುವಿಗೆ ಗೊತ್ತಾಗುತ್ತೆ ಸಾರ್."

ಅಂಗಡಿಯ ಒಳಗಿಂದ ಯಾರೋ ಕಿಸಕ್ಕನೆ ನಗುತ್ತಾರೆ. ಅದು ಮೇಸ್ತ್ರಿಯ ಬಾಮೈದ, ಹೆಂಡತಿಯ ತಮ್ಮ. ನೀರಿನ ತೊಟ್ಟಿಯ ಪಕ್ಕ ಕೂತು ಟ್ಯೂಬಿಗೆ ಪಂಕ್ಚರು ಹಾಕುವುದು ಅವನ ಕೆಲಸ. ಗೋಡೆಗೆ ಒರಗಿಸಿಟ್ಟ ಊರುಗೋಲು ಅವನದು. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ.

ಆ ಕಾಲಿನ ಕಥೆ ಹನ್ನೊಂದು ವರ್ಷ ಹಳೆಯದು. ಆಗ ಬಾಮೈದನೂ ಇಂಥದ್ದೇ ಪಿಕಪ್ಪು ಓಡಿಸುತ್ತಿದ್ದ. ಎರಡು ಟೈರು ಸವೆದಿದ್ದವು. 'ಹೊಸದು ಮುಂದಕ್ಕೆ, ಹಳೆಯದು ಹಿಂದಕ್ಕೆ' ಅನ್ನುವುದು ಟೈರಿನವರಲ್ಲಿ ಅಪ್ಪ ಮಗನಿಗೆ ಹೇಳಿಕೊಟ್ಟ ಮಾತು. ಸ್ಟೀರಿಂಗು ಇರುವುದು ಮುಂದೆ ತಾನೇ? ಮೇಸ್ತ್ರಿಯೂ ಹಾಗೇ ಮಾಡಿದರು. ಮಳೆಯಲ್ಲಿ ಇಳಿಯುವಾಗ ನಲವತ್ಮೂರನೇ ತಿರುವಿನಲ್ಲಿ ಮುಂದಿನ ಹೊಸ ಟೈರು ಗಟ್ಟಿಯಾಗಿ ಹಿಡಿಯಿತು, ಹಿಂದಿನ ಹಳೆಯದು ಹಿಡಿಯಲಿಲ್ಲ. ಬಂಡಿಯ ಬಾಲ ಸುತ್ತಿಕೊಂಡು ಮುಂದೆ ಬಂತು. ಕೆಳಗೊಂದು ಬಂಡೆ ತಡೆಯದಿದ್ದರೆ ಬಾಮೈದನ ಹೆಣವೂ ಸಿಗುತ್ತಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅಂದಿನಿಂದ ಮೇಸ್ತ್ರಿ ಎರಡೇ ಟೈರು ಬದಲಿಸುವುದನ್ನು ಬಿಟ್ಟರು. ಫೋರ್ ವೀಲಿಗೆ ಹಾಕಿದರೆ ನಾಲ್ಕೂ ಒಂದೇ, ಇಲ್ಲದಿದ್ದರೆ ಬಂಡಿ ಅಂಗಡಿಯಿಂದ ಹೊರಡಬಾರದು. ಒಂದು ಚಕ್ರ ದೊಡ್ಡದು, ಒಂದು ಚಿಕ್ಕದು, ಒಂದು ಮೆದು, ಒಂದು ಗಟ್ಟಿ ಆದರೆ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಬೇರೆ ಬೇರೆ ಕಡೆ ಎಳೆದ ಹಾಗೆ ಆಗುತ್ತದೆ.

"ನಮ್ಮ ಭಾವ ಹೆದರಿಕೆಯಿಂದಲೇ ಹೊಟ್ಟೆ ಹೊರೆಯೋ ಮನುಷ್ಯ" ಅನ್ನುತ್ತಾನೆ ಬಾಮೈದ. "ನನಗೇನೂ ಕೋಪ ಇಲ್ಲಪ್ಪ. ಒಂದು ಚಪ್ಪಲಿಯ ಖರ್ಚು ಉಳೀತು." ಈ ಮಾತನ್ನು ಅವನು ಎಷ್ಟು ಸಲ ಆಡಿದ್ದಾನೋ. ಪ್ರತಿ ಸಲವೂ ಮೇಸ್ತ್ರಿ ಮುಖ ಆಚೆ ತಿರುಗಿಸುತ್ತಾರೆ.

ಗುಮಾಸ್ತರು ಗಡಿಯಾರ ನೋಡಿಕೊಳ್ಳುತ್ತಾರೆ. ಮೇಸ್ತ್ರಿ ಎದ್ದು ಅಂಗಡಿಯ ಹಿಂಬದಿಗೆ ಹೋಗುತ್ತಾರೆ. ಬಿಸಿಲು ಬೀಳದ ಮೂಲೆಯಲ್ಲಿ ದಪ್ಪ ಕಪ್ಪು ಬಟ್ಟೆ ಹೊದೆಸಿ ನಿಲ್ಲಿಸಿಟ್ಟ ನಾಲ್ಕು ಟೈರುಗಳನ್ನು ಉರುಳಿಸಿಕೊಂಡು ಬರುತ್ತಾರೆ. ನೀರು ಸರಬರಾಜಿನವರ ಪಿಕಪ್ಪು ಬದಲಾದಾಗ ಬಿಚ್ಚಿಟ್ಟವು. ನಾಲ್ಕೂ ಒಂದೇ ವಾರ ಅಚ್ಚಾದವು, ಎರಡು ವರ್ಷದವು, ಒಂದೇ ಬಂಡಿಯಲ್ಲಿ ಸ್ಥಾನ ಬದಲಿಸುತ್ತಾ ಸಮನಾಗಿ ಸವೆದವು. ಮೂರರಲ್ಲಿ ಒಂದು ಪಾಲು ಸವೆದಿವೆ, ಎರಡು ಪಾಲು ಉಳಿದಿವೆ.

"ಹೊಸ ಟೈರು ಇಟ್ಕೊಂಡು ಹಳೇದು ಹಾಕ್ತೀರಾ? ಅದೂ ಮಗಳ ಬಂಡಿಗೆ?" ಗುಮಾಸ್ತರ ದನಿ ಏರುತ್ತದೆ. "ನಾಲ್ಕು ಜನ ಕೇಳಿದ್ರೆ ನಗ್ತಾರೆ."

"ನಗಲಿ ಬಿಡಿ ಸಾರ್. ಅಳೋದಕ್ಕಿಂತ ಅದು ವಾಸಿ."

ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರೇನೋ ನಿಜ. ಆದರೆ ಬಳಸಿದ ಟೈರಿನ ಹೊಟ್ಟೆಯೊಳಗೆ ಏನು ಗಾಯ ಇದೆಯೋ ಯಾರು ಬಲ್ಲರು? ಒಂದೊಂದರ ಒಳಗೂ ಮೊಣಕೈವರೆಗೆ ಕೈ ಹಾಕಿ, ಉಬ್ಬು ಸಿಗುತ್ತದೇನೋ ಅಂತ ಬೆರಳಾಡಿಸುತ್ತಾರೆ. ಡಿಸ್ಕಿಗೆ ಏರಿಸಿ ಗಾಳಿ ತುಂಬಿ, ನೀರಿಗೆ ಅದ್ದಿ ಗುಳ್ಳೆ ನೋಡುತ್ತಾರೆ. ಬೆಂಕಿಕಡ್ಡಿಗೆ ಗೆರೆ ಎಳೆದು ಹಲ್ಲಿನ ಆಳಕ್ಕಿಳಿಸಿ ಹನ್ನೆರಡು ಕಡೆ ಅಳೆಯುತ್ತಾರೆ. ಕೊನೆಗೆ ಬಟ್ಟೆ ಹೊಲಿಯುವ ಹೆಂಡತಿಯ ಅಳತೆಪಟ್ಟಿ ತೆಗೆದು ನಾಲ್ಕರ ಸುತ್ತಳತೆಯನ್ನೂ ಹಿಡಿಯುತ್ತಾರೆ. ನೂಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಇನ್ನೊಮ್ಮೆ ಹಿಡಿಯುತ್ತಾರೆ. "ನಿನ್ನೆಯಿಂದ ಒಂದು ತುತ್ತೂ ಇಳಿದಿಲ್ಲ ಇವರಿಗೆ" ಅಂತ ಬಾಗಿಲಲ್ಲಿ ನಿಂತ ಹೆಂಡತಿ ಯಾರಿಗೂ ಅಲ್ಲದ ಹಾಗೆ ಹೇಳುತ್ತಾರೆ.

ಎಂಟಕ್ಕೆ ಚಕ್ರಗಳು ಏರುತ್ತವೆ. ಗಾಳಿ ಮುಂದಕ್ಕೆ ಮೂವತ್ತೆರಡು, ಹಿಂದಕ್ಕೆ ಮೂವತ್ತಾರು. ಗುಮಾಸ್ತರು ಕೊನೆಯ ಪ್ರಶ್ನೆ ಕೇಳುತ್ತಾರೆ: "ಏನಾದ್ರೂ ಆದ್ರೆ?"

"ಅದಕ್ಕೇ ನಾನೂ ಹೋಗ್ತಿರೋದು."

ಇದು ಈ ಅಂಗಡಿಯ ರೂಢಿ. ತಾವು ಆರಿಸಿದ ಟೈರಿನ ಮೇಲೆ ಬಂಡಿ ಮೊದಲ ಸಲ ಬೆಟ್ಟ ಇಳಿಯುವಾಗ ಮೇಸ್ತ್ರಿ ಅದರಲ್ಲಿ ಕೂತಿರಲೇಬೇಕು. ಯಾರೂ ಕೇಳಿಕೊಂಡಿದ್ದಲ್ಲ, ಹನ್ನೊಂದು ವರ್ಷದಿಂದ ತಮಗೆ ತಾವೇ ಹಾಕಿಕೊಂಡ ಶಿಕ್ಷೆ. ಇಲ್ಲಿಯವರೆಗೆ ನಾನೂರಕ್ಕೂ ಹೆಚ್ಚು ಇಳಿತ ಆಗಿದೆ. ಅಂಚು ಕಂಡರೆ ಕೈಕಾಲು ತಣ್ಣಗಾಗುವ ಮನುಷ್ಯ ನಾನೂರು ಸಲ ಅದೇ ಅಂಚಿನ ಪಕ್ಕ ಕೂತು ಬಂದಿದ್ದಾರೆ. ಅಭ್ಯಾಸ ಆಗಿರಬೇಕಲ್ಲ ಅಂದರೆ, "ಎಲ್ಲಿ ಬಂತು? ಪ್ರತಿ ಸಲ ಹೊಸದಾಗಿ ಜೀವ ಹೋಗುತ್ತೆ" ಅನ್ನುತ್ತಾರೆ.

ಹತ್ತುವಾಗ ಹೆದರಿಕೆ ಅಷ್ಟೇನೂ ಇಲ್ಲ. "ಏರೋದಕ್ಕೆ ಇಂಜಿನ್ನು, ಇಳಿಯೋದಕ್ಕೆ ಟೈರು" ಅನ್ನುವುದು ಅವರ ಲೆಕ್ಕ. ಹನ್ನೊಂದಕ್ಕೆ ಬಸುರಿಯನ್ನೂ ಅವಳ ಅತ್ತೆಯನ್ನೂ ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಕೂರಿಸಿಕೊಂಡು ಬಂಡಿ ತಿರುಗುತ್ತದೆ. ಹತ್ತನೇ ತಿರುವಿಗೆ ಮಳೆ ಹಿಡಿಯುತ್ತದೆ. ನಾಳೆ ಬರಬೇಕಾದದ್ದು ಇವತ್ತೇ ಬಂದಿದೆ.

ಮೇಸ್ತ್ರಿ ಮುಂದಿನ ಸೀಟಿನಲ್ಲಿ, ಕಣಿವೆಯ ಕಡೆಗೇ ಕೂತಿದ್ದಾರೆ. ಎರಡೂ ಕೈ ಮುಂದಿನ ಹಿಡಿಕೆಯ ಮೇಲೆ. ಟೈರಿನ ಸದ್ದಿಗೆ ಕಿವಿ ಕೊಟ್ಟಿದ್ದಾರೆ. ಜಲ್ಲಿಯ ಮೇಲೆ ಒಂದು ಸದ್ದು, ನೀರಿನ ಮೇಲೆ ಇನ್ನೊಂದು. ಮೂವತ್ತನೇ ತಿರುವು ದಾಟುತ್ತದೆ. ಮಗಳು ಫೋರ್ ವೀಲಿಗೆ ಹಾಕುತ್ತಾಳೆ. ನಲವತ್ತು. ಮೇಲಿನಿಂದ ಕೆಂಪು ಜೇಡಿ ಕರಗಿ ರಸ್ತೆಗೆ ಹರಿದಿದೆ. ನಲವತ್ಮೂರು ಎದುರಿಗೆ ಬಂದಾಗ, ಹಳೆಯದನ್ನು ಹಾಕಿ ತಪ್ಪು ಮಾಡಿದೆನೇ, ಆ ಮೂರು ಹೊಸದೇ ವಾಸಿಯಿತ್ತೇ, ಈ ಸಲ ಮಗಳನ್ನೇ ಕೊಂದೆನೇ ಅಂತ ಎದೆ ಡವಗುಟ್ಟುತ್ತದೆ. ಹಿಂದಿನ ಚಕ್ರ ಒಂದು ಗೇಣಿನಷ್ಟು ಹೊರಕ್ಕೆ ಸರಿಯುತ್ತದೆ.

ಸರಿದದ್ದು ಅಲ್ಲೇ ನಿಲ್ಲುತ್ತದೆ. ನಾಲ್ಕೂ ಟೈರು ಒಟ್ಟಿಗೆ ಕಚ್ಚಿಕೊಳ್ಳುತ್ತವೆ. ಬಂಡಿ ಬಂಡೆಯ ಕಡೆಗೆ ಮೂತಿ ತಿರುಗಿಸಿ ನೆಟ್ಟಗೆ ಇಳಿಯುತ್ತದೆ.

"ಅಪ್ಪಾ, ಉಸಿರು ಬಿಡು" ಅನ್ನುತ್ತಾಳೆ ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಬಿಡ್ತೀನಿ. ಇನ್ನೂ ಹದಿನಾಲ್ಕಿದೆ."

ಎರಡಕ್ಕೆ ಆಸ್ಪತ್ರೆಯ ಬಾಗಿಲು. ದಾದಿಯರು ಬಂದು ಬಸುರಿಯನ್ನು ಎಬ್ಬಿಸುತ್ತಾರೆ. ಹೌದು, ಎಬ್ಬಿಸುತ್ತಾರೆ. ಹಿಂದಿನ ಸೀಟಿನಲ್ಲಿ ಅವಳು ನಿದ್ದೆ ಹೋಗಿದ್ದಳು. ಅವಳನ್ನು ಒಳಗೆ ಕಳಿಸಿ ಅತ್ತೆ ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಾ ಮತ್ತೆ ಬಂಡಿಯ ಹತ್ತಿರ ಬರುತ್ತಾರೆ. ಬಗ್ಗಿ ಚಕ್ರಗಳನ್ನು ನೋಡುತ್ತಾರೆ. ಬೆಳಗಿನಿಂದ ಈ ಬಂಡಿಗಾಗಿಯೇ ಕಾದಿದ್ದರಲ್ಲ.

"ಈ ಟೈರು ಹಾಕಿದ್ದು ಯಾರಪ್ಪ?"

ಹನ್ನೊಂದು ವರ್ಷದ ಹಿಂದೆ ನಲವತ್ಮೂರನೇ ತಿರುವಿನಲ್ಲಿ ನೆರೆದ ಜನ, ಹಗ್ಗ ಇಳಿಸುತ್ತಾ, ಇದೇ ಮಾತು ಕೇಳಿದ್ದರು. ಮೇಸ್ತ್ರಿ ಆ ಗುಂಪಿನ ಹಿಂದೆಯೇ ನಿಂತಿದ್ದರು. ಬಾಯಿ ಬಿಡಲಿಲ್ಲ. ಕೆಳಗೆ ಬಾಮೈದ ಕೂಗುತ್ತಿದ್ದ, ಇವರು ಜನರ ಬೆನ್ನಿನ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಈ ಸಂಗತಿ ಬಾಮೈದನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. "ಇನ್ನು ಗೊತ್ತಾಗಲಿ, ಬರೆದುಕೊಳ್ಳಿ. ಆವತ್ತು ನಾನು ಟೈರಿಗಿಂತ ದೊಡ್ಡ ತಪ್ಪು ಮಾಡಿದೆ" ಅಂತ ಆಮೇಲೆ ಇದನ್ನು ಬರೆಯುವವರಿಗೆ ಹೇಳುತ್ತಾರೆ.

ಉತ್ತರ ಹೇಳಲು ಮಗಳು ಬಾಯಿ ತೆರೆಯುತ್ತಾಳೆ. ಮೇಸ್ತ್ರಿ ಕೈಯೆತ್ತಿ ತಡೆಯುತ್ತಾರೆ. ಮಳೆಯಲ್ಲಿ ಒಂದು ಹೆಜ್ಜೆ ಮುಂದೆ ಬರುತ್ತಾರೆ.

"ನಾನು ತಾಯಿ" ಅನ್ನುತ್ತಾರೆ. "ನಾನೇ ಹಾಕಿದ್ದು."