ಹೊಳೆಗೆ ಹೋಗಲು ಒಳ್ಳೆಯ ಹಂಗಾಮು

ನಾನು ಮುದ್ದೇಬಿಹಾಳಕ್ಕೆ ಸೊಸೆಯಾಗಿ ಹೋದ ವರ್ಷವೇ ನಮ್ಮ ಮಾವನವರು ಕಚೇರಿಯ ಕಾರಕೂನಿಕೆಯಿಂದ ನಿವೃತ್ತರಾದರು. ಜೀವನವೆಲ್ಲ ಬೇರೆಯವರ ಅರ್ಜಿ ವಿಚಾರಣೆ ಮಾಡಿದ ಮನುಷ್ಯ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ಹಾಲು ಯಾಕೆ ಉಕ್ಕಿತು ಎಂದು ಬೆಳಿಗ್ಗೆ ಒಂದು ವಿಚಾರಣೆ. ಬೆಕ್ಕು ಯಾರ ಪರವಾನಗಿ ಪಡೆದು ಒಳಗೆ ಬಂತು ಎಂದು ಮಧ್ಯಾಹ್ನ ಇನ್ನೊಂದು. ನಮ್ಮ ಅತ್ತೆಯವರು ಬೀಸುವ ಕಲ್ಲಿನ ಮುಂದೆ ಕೂತು, “ಇವರಿಗೆ ಎಲ್ಲ್ಯರ ಇನ್ನೊಂದು ಕಚೇರಿ ಹುಡುಕ್ರಿ, ಇಲ್ಲಾ ನನಗ ಇನ್ನೊಂದು ಮನಿ ಹುಡುಕ್ರಿ” ಎನ್ನುತ್ತಿದ್ದರು.

ಅಷ್ಟರಲ್ಲಿ ಮುಂಬಯಿಯಲ್ಲಿ ಸಂಬಂಧಿಕರ ಮದುವೆ ಬಂತು. ರಾಜ್ಯ ಬದಲಾಗಿ ನಾವು ಮೈಸೂರಿಗೆ ಸೇರಿದ್ದೆವು ನಿಜ, ಆದರೆ ನಮ್ಮ ಕಡೆಯವರ ಮುಖ ಇನ್ನೂ ಮುಂಬಯಿಯ ಕಡೆಗೇ ಇತ್ತು. ಮಾವನವರು ಹೋದರು. ಮನೆ ಒಂದಷ್ಟು ದಿನ ನೆಮ್ಮದಿಯಾಗಿ ಉಸಿರಾಡಿತು.

ತಿರುಗಿ ಬಂದವರು ಮದುವೆಯ ಸುದ್ದಿಯನ್ನೇ ಎತ್ತಲಿಲ್ಲ. ಹುಡುಗ ಹೇಗಿದ್ದ ಎಂದು ಕೇಳಿದರೆ, “ಇದ್ದ” ಎಂದರು. ಅವರ ತಲೆಯ ತುಂಬ ಸಮುದ್ರದ ಮೇಲೆ ಕಂಡ ಒಂದು ಬಿಳಿಯ ಹಾಯಿದೋಣಿ. ಅದರಲ್ಲಿ ಚಡ್ಡಿ ಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯ ಮುಖದ ಮೇಲೆ ಟೊಪ್ಪಿಗೆ ಮುಚ್ಚಿಕೊಂಡು ಅಂಗಾತ ಮಲಗಿದ್ದನಂತೆ. ದಂಡೆಯಲ್ಲಿ ನಿಂತ ಯಾರೋ ಹೇಳಿದರಂತೆ: ಶ್ರೀಮಂತರು ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿಯುತ್ತಾರೆ, ಒಂದು ದ್ವೀಪದಲ್ಲಿ ಉಣ್ಣುತ್ತಾರೆ, ಇನ್ನೊಂದರಲ್ಲಿ ನಿದ್ದೆ ಮಾಡುತ್ತಾರೆ, ಮತ್ತೊಂದರಲ್ಲಿ ಸುಮ್ಮನೆ ಕೂರುತ್ತಾರೆ. ಇದಕ್ಕೆ ರಜೆ ಎನ್ನುತ್ತಾರೆ.

“ನಮ್ಮ ಕೃಷ್ಣಾ ಹೊಳಿಯೊಳಗ ನಡುಗಡ್ಡಿ ಇಲ್ಲೇನು?” ಎಂದು ಮಾವನವರು ಅಂಗಳದಲ್ಲಿ ನಿಂತು ಕೇಳಿದರು. “ಆಲಮಟ್ಟಿ ಕಡೆ ಆಣೆಕಟ್ಟು ಬರತೈತಿ ಅಂತ ಮಂದಿ ಅನ್ನಾಕತ್ತಾರ. ಬಂತಂದ್ರ ಹೊಳಿ ಹೀಂಗ ಇರತೈತೇನು? ಈಗ ನೋಡಬೇಕು.”

ನಾನು ಹೊಸಬಳು. ಮಾತಾಡಬೇಕೆಂದು ಮಾತಾಡಿದೆ. “ಯಾವ ಹಂಗಾಮಿನ್ಯಾಗ ಹೋಗೂದು ಚಲೋರಿ, ಮಾವಾರ?”

ಅವರು ನನ್ನನ್ನು ಮೊದಲ ಸಲ ಗಮನವಿಟ್ಟು ನೋಡಿದರು. “ಈ ಹುಡುಗಿಗೆ ತಲಿ ಐತಿ” ಎಂದರು. ಅತ್ತೆಯವರು ಬೀಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ ನೋಟ ಬೇರೆ ತರಹದ್ದಾಗಿತ್ತು.

ಆ ವರ್ಷದ ನಾಗರ ಪಂಚಮಿಗೆ ಮೂವರು ನಾದಿನಿಯರೂ ತವರಿಗೆ ಬಂದರು. ಹಿರಿಯಳನ್ನು ಇಂಡಿಗೆ ಕೊಟ್ಟಿತ್ತು, ನಡುವಿನವಳನ್ನು ಸಿಂದಗಿಗೆ, ಕಿರಿಯಳನ್ನು ಬಸವನ ಬಾಗೇವಾಡಿಗೆ. ಉಂಡಿ ಕಟ್ಟುತ್ತಿದ್ದ ಹೆಣ್ಣುಮಕ್ಕಳ ನಡುವೆ ಮಾವನವರು ಕುರ್ಚಿ ಹಾಕಿಕೊಂಡು ಕೂತು ಸಭೆ ನಡೆಸಿದರು.

ಇಂಡಿಯವಳು, “ಬ್ಯಾಸಗಿ ಅಂತೂ ಬ್ಯಾಡಪ್ಪ. ನಿಂಬಿ ಗಿಡಕ್ಕ ನೀರು ಹಾಕೋರು ಯಾರು? ನಮ್ಮ ಮನಿಯವರಿಗೆ ಗಿಡ ಒಣಗಿದ್ದು ಕಾಣತೈತಿ, ನಾ ಒಣಗಿದ್ದು ಕಾಣೂದಿಲ್ಲ” ಎಂದಳು.

ಸಿಂದಗಿಯವಳಿಗೆ ದಸರೆಯ ಹೊತ್ತಿಗೆ ಹಿಂಗಾರಿ ಬಿತ್ತನೆ, ಆಮೇಲೆ ತೊಗರಿ, ಅದರ ಬೆನ್ನಿಗೇ ಜೋಳದ ಸುಗ್ಗಿ. ಬಾಗೇವಾಡಿಯವಳಿಗೆ ಹೊಲದ ಕಾಟವಿರಲಿಲ್ಲ, ಬೀಗರ ಕಾಟವಿತ್ತು. “ಶ್ರಾವಣದಾಗ ಬರ್ತಾರ, ದೀಪಾವಳಿಗೆ ಬರ್ತಾರ, ಬರಬ್ಯಾಡ್ರಿ ಅಂದ್ರ ಯಾಕ ಬರಬಾರದು ಅಂತ ಕೇಳಾಕ ಬರ್ತಾರ” ಎಂದಳು.

ಮಾವನವರ ಜೀವದ ಗೆಳೆಯ ತಂಬಾಕಿನ ಅಂಗಡಿಯ ಸಾಹೇಬರು. ಅವರೂ ಕಟ್ಟೆಯ ಮೇಲೆ ಕೂತು ಉಂಡಿ ತಿನ್ನುತ್ತಿದ್ದರು. “ನಂದೇನಿಲ್ರಿ, ಕಾರಕೂನ್ರ. ರೋಜಾ ಒಂದು ಬಿಟ್ಟು ಯಾವಾಗ ಕರೀತೀರಿ ಆವಾಗ ಬರ್ತೇನಿ. ಆದ್ರ ನಮ್ಮ ರಂಜಾನ್ ಒಂದ ಕಡೆ ನಿಂದರೂದಿಲ್ಲ, ವರ್ಷಾವರ್ಷ ಹಿಂದ ಸರೀತೈತಿ. ಅದನ್ನ ನೋಡ್ಕೋರಿ.”

“ಹಂಗಾರ ವರ್ಷದಾಗ ಉಳಿದದ್ದು ಏನು?” ಎಂದು ಅತ್ತೆಯವರು ಕೇಳಿದರು. ಮಾವನವರು, ಹೆಂಗಸರನ್ನು ಕೇಳಿದ್ದೇ ತಪ್ಪಾಯಿತೆಂದು ಹೇಳಿ, ಯುಗಾದಿ ಆದ ಮೇಲೆ ಗಂಡಸರಷ್ಟೇ ಹೋಗುವುದೆಂದು ತೀರ್ಮಾನ ಕೊಟ್ಟು ಎದ್ದರು.

ಯುಗಾದಿ ಆಯಿತು. ಮಾವನವರು, ಸಾಹೇಬರು, ಮತ್ತು ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನ ಗಂಡ, ಮೂವರೂ ಕಮಾನು ಗಾಡಿ ಕಟ್ಟಿಸಿಕೊಂಡು ಹೊಳೆದಂಡೆಯ ಹಳ್ಳಿಗೆ ಹೋದರು. ಬಾಡಿಗೆಗೆ ಹಿಡಿದ ದೋಣಿಗೆ ಒಬ್ಬ ಅಂಬಿಗನಿದ್ದ. ಎದುರಿನವರು ಏನೇ ಹೇಳಿದರೂ ಹೌದ್ರಿ ಎನ್ನುವವನು. ಬೇಸಿಗೆಯಲ್ಲಿ ದೋಣಿ ಹೋಗತೈತೇನು ಎಂದರೆ ಹೌದ್ರಿ, ಹೋಗೂದಿಲ್ಲೇನು ಎಂದರೂ ಹೌದ್ರಿ.

ಮುಂದಿನದನ್ನು ಸಾಹೇಬರು ನಮ್ಮ ಕಟ್ಟೆಯ ಮೇಲೆ ಕೂತು ವರ್ಷಗಟ್ಟಲೆ ಹೇಳಿದ್ದಾರೆ. ಹೊಳೆಯಲ್ಲಿ ಮೊಣಕಾಲುದ್ದ ನೀರು. ದೋಣಿ ಸ್ವಲ್ಪ ದೂರ ಹೋಗಿ ಉಸುಕಿನಲ್ಲಿ ಕೂತಿತು. ಮೂವರೂ ಇಳಿದು ದೋಣಿ ದೂಡುತ್ತ ನಡೆದರು. ಬಿಸಿಲು ನೆತ್ತಿ ಸುಡುತ್ತಿತ್ತು. ಕೊನೆಗೆ ಮಾವನವರು ನಿಂತು ಕೇಳಿದರು:

“ಮೊದಲನೇ ನಡುಗಡ್ಡಿ ಎಲ್ಲೈತೋ?”

“ನೀವು ಅದರ ಮ್ಯಾಲೇ ನಿಂತೀರಲ್ರಿ.”

“ಮತ್ತ ಎರಡನೇದು?”

ಅಂಬಿಗ ಬಗ್ಗಿ ನೋಡಿ, “ನಿಮ್ಮ ಎಡಗಾಲು ಮೊದಲನೇದರ ಮ್ಯಾಲೈತ್ರಿ. ಬಲಗಾಲು ಎರಡನೇದು” ಎಂದ.

ನೀರು ಇಳಿದು ನಡುಗಡ್ಡೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಬಿಟ್ಟಿದ್ದವು. ಮೂವರೂ ಉಸುಕಿನಲ್ಲಿ ಬೆಳೆದ ಕಲ್ಲಂಗಡಿ ಹೇರಿಕೊಂಡು, ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಮನೆಗೆ ಬಂದರು. ಅತ್ತೆಯವರು ಕಲ್ಲಂಗಡಿ ಹೆಚ್ಚುತ್ತ, “ಇದಕ್ಕ ದೋಣಿ ಯಾಕ ಬೇಕಾಗಿತ್ತು, ಬುಟ್ಟಿ ಸಾಕಾಗಿತ್ತು” ಎಂದರು.

ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಮಾವನವರು ದೋಷ ನೀರಿನದೆಂದು ಗೊತ್ತುಮಾಡಿ, ನೀರು ಎಲ್ಲಕ್ಕಿಂತ ಹೆಚ್ಚು ಯಾವಾಗ ಇರುತ್ತದೋ ಆಗಲೇ ಹೋಗಬೇಕೆಂದರು. ಶ್ರಾವಣದಲ್ಲಿ, ಮೇಲೆ ಘಟ್ಟದಲ್ಲಿ ಮಳೆ ಹಿಡಿದ ಸುದ್ದಿ ಬಂದಾಗ, ಸಾಹೇಬರನ್ನು ಎಳೆದುಕೊಂಡು ಮತ್ತೆ ಹೋದರು. ಈ ಸಲ ಹೊಳೆ ಆ ದಂಡೆಯಿಂದ ಈ ದಂಡೆಯವರೆಗೆ ಕೆಂಪಗೆ ಸುತ್ತುತ್ತ, ಗಿಡದ ಬುಡಗಳನ್ನೇ ಹೊತ್ತು ಓಡುತ್ತಿತ್ತು. ಅಂಬಿಗ ದೋಣಿಯನ್ನು ಜಾಲಿಗಿಡಕ್ಕೆ ಬಿಗಿಯಾಗಿ ಕಟ್ಟಿ, ತಾನೂ ಅದರ ಪಕ್ಕದಲ್ಲಿ ಕೂತಿದ್ದ.

“ನಡುಗಡ್ಡಿ ಎಲ್ಲಿ ಹೋದವೋ?” ಎಂದರು ಮಾವನವರು.

“ಎಲ್ಲೂ ಹೋಗಿಲ್ರಿ. ಅಲ್ಲೇ ಅದಾವ. ನೀರಿನ ತೆಳಗ.”

ಸಾಹೇಬರು ದಂಡೆಯಿಂದಲೇ ಹೊಳೆಗೆ ಸಲಾಮು ಮಾಡಿ ಗಾಡಿ ಹತ್ತಿದರಂತೆ.

ಊರಲ್ಲಿ ಸುದ್ದಿ ಹರಡಿತು. ಸಂತೆಯಲ್ಲಿ ಜನ ಮಾವನವರನ್ನು ತಡೆದು, “ಕಾರಕೂನ್ರ, ನಡುಗಡ್ಡಿ ತ್ಯಾಲಿದುವೇನ್ರಿ?” ಎಂದು ಕೇಳತೊಡಗಿದರು. ಅವರು ಇನ್ನಷ್ಟು ಹಟಕ್ಕೆ ಬಿದ್ದರು. ಬೇಸಿಗೆಗೆ ನಡುಗಡ್ಡೆ ಉಂಟು ನೀರಿಲ್ಲ, ಮಳೆಗಾಲಕ್ಕೆ ನೀರುಂಟು ನಡುಗಡ್ಡೆ ಇಲ್ಲ. ಹಾಗಾದರೆ ಎರಡೂ ಇರುವ ಚಳಿಗಾಲವೇ ಸರಿ ಎಂದು, ಯಾವ ಕೂಸಿಗಾದರೂ ಹೊಳೆಯುವ ಮಾತನ್ನು ಎರಡು ಪ್ರಯಾಣದ ಮೇಲೆ ಕಂಡುಹಿಡಿದರು. ಸಂಕ್ರಾಂತಿಯ ಮರುವಾರ ಎಂದು ಗೊತ್ತಾಯಿತು. ಸಂಕ್ರಾಂತಿಯ ದಿನವೇ ಬೇಡ, ಅವತ್ತು ಇಡೀ ತಾಲ್ಲೂಕು ಹೊಳೆಗೆ ಸ್ನಾನಕ್ಕೆ ಬಂದಿರುತ್ತದೆ, ದೊಡ್ಡ ಮನುಷ್ಯರಿಗೆ ಮಲಗಲು ಜಾಗ ಸಿಗುವುದಿಲ್ಲ.

“ಈ ಸಲ ಅಡಿಗಿ ಮಾಡಾಕ ನೀವಿಬ್ಬರೂ ಬರ್ರಿ” ಎಂದು ಅತ್ತೆ-ಸೊಸೆಗೆ ಅಪ್ಪಣೆಯಾಯಿತು.

ಅತ್ತೆಯವರು ಬರುವುದಿಲ್ಲ ಎನ್ನುತ್ತಾರೆಂದು ನಾನು ಕಾದೆ. ಅವರು ರೊಟ್ಟಿ ಬಡಿಯಲು ಕೂತರು. ಕಟಕ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು, ಎಳ್ಳ ಹೋಳಿಗೆ, ಎಲ್ಲ ಕಟ್ಟಿಕೊಂಡೆವು. ಇಂಡಿಯ ನಾದಿನಿ ಕಳಿಸಿದ ನಿಂಬೆಹಣ್ಣನ್ನೂ ಹಾಕಿಕೊಂಡೆವು.

ಹೊಳೆ ಅವತ್ತು ಎಷ್ಟು ಚೆನ್ನಾಗಿತ್ತೆಂದರೆ ಮಾವನವರ ಮೇಲಿನ ಸಿಟ್ಟೆಲ್ಲ ನನಗೆ ಹೋಯಿತು. ನೀರು ತಿಳಿಯಾಗಿತ್ತು. ನಡುವೆ ಹಸಿರು ಹುಲ್ಲು, ಕಪ್ಪು ಬಂಡೆ, ಬಿಳಿ ಉಸುಕಿನ ನಡುಗಡ್ಡೆಗಳು ಒಂದರ ಹಿಂದೆ ಒಂದು ಕಾಣುತ್ತಿದ್ದವು. ಸುಮ್ಮನೆ ಹುಟ್ಟು ಹಾಕಿಕೊಂಡು ಹೋಗಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ಆದರೆ ಮಾವನವರಿಗೆ ಹಾಯಿ ಬೇಕು.

“ಇಲ್ಲಿ ಯಾರೂ ಹಾಯಿ ಕಟ್ಟೂದಿಲ್ರಿ” ಎಂದ ಅಂಬಿಗ.

“ಕಟ್ಟಿದ್ರ ಚಲೋ ಅಲ್ಲೇನು?”

“ಹೌದ್ರಿ.”

ಮಾವನವರು ಅತ್ತೆಯವರ ಹಳೆಯ ಇಳಕಲ್ಲ ಸೀರೆ ಕೇಳಿದರು. ಅತ್ತೆಯವರು, “ನನ್ನ ಸೀರಿ ನನ್ನ ಮೈಮ್ಯಾಗ ಇರಲಿ. ನಿಮ್ಮ ಧೋತರ ಬಿಚ್ಚಿ ಕಟ್ರಿ” ಎಂದರು. ಚೀಲದಲ್ಲಿ ಇನ್ನೊಂದು ಒಗೆದ ಧೋತರ ಇದ್ದದ್ದು ಮನೆತನದ ಪುಣ್ಯ. ಅದನ್ನು ಒಂದು ಬಿದಿರಿನ ಗಳಕ್ಕೆ ಕಟ್ಟಿ ನಿಲ್ಲಿಸಿದರು. ಮಾವನವರು ಟೊಪ್ಪಿಗೆಯನ್ನು ಮುಖದ ಮೇಲೆ ಮುಚ್ಚಿಕೊಂಡು, ಮುಂಬಯಿಯ ದೊಡ್ಡ ಮನುಷ್ಯನ ಹಾಗೆ ಅಂಗಾತ ಮಲಗಿದರು.

ದಂಡೆ ಬಿಟ್ಟ ಸ್ವಲ್ಪ ಹೊತ್ತಿಗೆ ಗಾಳಿ ಬೀಸಿ ಧೋತರ ಉಬ್ಬಿತು. ದೋಣಿ ಮುಂದೆ ಹೋಗಲಿಲ್ಲ. ಒಂದು ಸುತ್ತು ಸುತ್ತಿತು. ಇನ್ನೊಂದು ಸುತ್ತಿತು. ಆಮೇಲೆ ಸುತ್ತುವುದೇ ಅದರ ಕಸುಬಾಯಿತು. ಸಾಹೇಬರು, “ಯಾ ಅಲ್ಲಾ” ಎಂದರು, ಅಂಬಿಗ ಬಸವಣ್ಣನನ್ನು ಕರೆದ, ನನ್ನ ಗಂಡ ಊಟದ ಬುಟ್ಟಿಯನ್ನು ತಬ್ಬಿಕೊಂಡು ಕೂತರು. ಟೊಪ್ಪಿಗೆಯ ಕೆಳಗಿನಿಂದ ಒಂದು ಸಣ್ಣ ದನಿ ಬಂತು: “ನಿಲ್ಲಸ್ರೋ.” ಅಷ್ಟು ಹೇಳಿ ಮಾವನವರು ಏಳಲೂ ಆಗದೆ, ಪಕ್ಕಕ್ಕೆ ವಾಲಿ ಬೆಳಗಿನ ನಾಷ್ಟಾವನ್ನೆಲ್ಲ ಕೃಷ್ಣೆಗೆ ಅರ್ಪಿಸಿದರು. ಅದೇ ಗಾಳಿಗೆ ಗಳ ಮುರಿಯಿತು. ಧೋತರ ಬಿಡಿಸಿಕೊಂಡು ನೀರಿನ ಮೇಲೆ ದೊಡ್ಡ ಬಾತುಕೋಳಿಯ ಹಾಗೆ ತೇಲುತ್ತ ಹೋಯಿತು. ಯಾರೂ ಅದರ ಬೆನ್ನು ಹತ್ತಲಿಲ್ಲ.

ಮೊದಲನೆಯ ನಡುಗಡ್ಡೆಗೆ ಹೇಗೋ ಮುಟ್ಟಿದೆವು. ಮಾವನವರನ್ನು ಗಿಡದ ನೆರಳಿನಲ್ಲಿ ಮಲಗಿಸಿ, ನಿಂಬೆಹಣ್ಣು ಮೂಸಲು ಕೊಟ್ಟೆವು. ಭೂಮಿ ಇನ್ನೂ ತಿರುಗುತ್ತಿದೆ ಎಂದು ಅವರು ಕಣ್ಣು ಬಿಡಲಿಲ್ಲ. ಸಾಹೇಬರು ಅವರ ಪಕ್ಕದಲ್ಲಿ ಕೂತರು, ಸ್ನೇಹಕ್ಕಾಗಿ. ಊಟದ ಬುಟ್ಟಿಯೂ ಅಲ್ಲೇ ಇತ್ತು.

ಅತ್ತೆಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ದೋಣಿ ಹತ್ತಿದರು. “ನಡಿಯಪ್ಪ, ಮುಂದಿನ ನಡುಗಡ್ಡಿಗೆ” ಎಂದರು.

“ಅವ್ವಾ, ಅಪ್ಪಗ ಆರಾಮಿಲ್ಲ” ಎಂದರು ನನ್ನ ಗಂಡ.

“ಅಪ್ಪಗ ಆರಾಮಿಲ್ಲ. ನನಗ ಆರಾಮ ಐತಲ್ಲ. ನೀ ಅವರಿಗೆ ಗಾಳಿ ಬೀಸು. ಏ ತಂಗಿ, ನೀ ಹತ್ತು.”

ನಾನು ಹತ್ತಿದೆ. ಅಂಬಿಗ ಹೌದ್ರಿ ಎಂದ, ಯಾರೂ ಏನೂ ಕೇಳಿರಲಿಲ್ಲ.

ಎರಡನೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿಗಳಿದ್ದವು. ಮೂರನೆಯದರಲ್ಲಿ ನೀರುನಾಯಿಗಳು ಬಂಡೆಯ ಮೇಲೆ ಮೀನು ತಿನ್ನುತ್ತ ಕೂತಿದ್ದವು. ನಮ್ಮನ್ನು ನೋಡಿ, ಬೀಗರು ಬಂದರೆಂಬಂತೆ ಬೇಸರದಿಂದ ನೀರಿಗೆ ಜಾರಿದವು. ಅತ್ತೆಯವರು ಚಪ್ಪಲಿ ಬಿಟ್ಟು, ಸೀರೆ ಮೇಲೆತ್ತಿ ಕಟ್ಟಿ, ಮೊಣಕಾಲವರೆಗೆ ನೀರಿನಲ್ಲಿ ನಿಂತರು. ಬಹಳ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಒಂದು ಬಂಡೆಯ ಮೇಲೆ ಕೂತು, ಕಾಲು ಇಳಿಬಿಟ್ಟುಕೊಂಡು, ಮಡಿಲಿನಿಂದ ಎರಡು ಎಳ್ಳ ಹೋಳಿಗೆ ತೆಗೆದರು.

“ಬುಟ್ಟಿಯೊಳಗ ಇಟ್ಟಿದ್ರ ಸಾಹೇಬ್ರು ಬಿಡತಿದ್ದಿಲ್ಲ” ಎಂದರು.

ಅವರ ತವರು ದೇವರ ಹಿಪ್ಪರಗಿ ಕಡೆಯ ಒಂದು ಹಳ್ಳಿ. ಎರೆಹೊಲ, ಆಳದ ಬಾವಿ. ಹೋಳಿಗೆ ತಿನ್ನುತ್ತ, ಹೊಳೆಯನ್ನು ನೋಡುತ್ತ ಹೇಳಿದರು: “ನಾ ನಡಿಯಾಕ ಕಲಿತಾಗಿಂದ ನೀರು ಹೊತ್ತೇನಿ ನೋಡವ್ವ. ತವರಮನ್ಯಾಗ ಹೊತ್ತೆ, ಇಲ್ಲಿ ಬಂದು ಹೊತ್ತೆ. ಇಷ್ಟು ನೀರಿನ್ಯಾಗ ಕುಂತೇನಿ, ಒಂದ ಕೊಡಾ ಯಾರಿಗೂ ಒಯ್ದು ಕೊಡೂದಿಲ್ಲ ಅಂದ್ರ ಹ್ಯಾಂಗ ಅನಸತೈತಿ ಅಂತ ಗೊತ್ತಿದ್ದಿಲ್ಲ.”

ನಾನು ಹೋಳಿಗೆ ತಿನ್ನುವುದನ್ನು ಬಿಟ್ಟು ಅವರನ್ನೇ ನೋಡಿದೆ. ಅವರು ಅದನ್ನು ಗಮನಿಸಿ, ನನ್ನ ಮುಖಕ್ಕೆ ಒಂದು ಬೊಗಸೆ ನೀರು ಎರಚಿದರು. ಅತ್ತೆ ಸೊಸೆಗೆ ನೀರು ಎರಚುವುದು ನಮ್ಮ ಕಡೆ ಎಲ್ಲೂ ಇಲ್ಲ. ನಾನೂ ಎರಚಿದೆ. ಅಂಬಿಗ ಮರ್ಯಾದೆಯಿಂದ ಬೇರೆ ಕಡೆ ಮುಖ ತಿರುಗಿಸಿಕೊಂಡ.

“ಹೋಗೂಣರಿ?” ಎಂದು ಅವನು ಹೊತ್ತು ಇಳಿಯುವಾಗ ಕೇಳಿದ. “ನಾ ಇಲ್ಲೇ ಇರ್ತೇನಿ, ನೀವು ಹೋಗ್ರಿ” ಎಂದರು ಅತ್ತೆಯವರು. ತಮಾಷೆಗೆ ಹೇಳಿದರೆಂದುಕೊಂಡೆ. ಅವರನ್ನು ಎಬ್ಬಿಸಿ ದೋಣಿಗೆ ಹತ್ತಿಸುವಷ್ಟರಲ್ಲಿ ನನಗೆ ಸಾಕಾಯಿತು.

ಮಾವನವರು ಅಷ್ಟೊತ್ತಿಗೆ ಚೇತರಿಸಿಕೊಂಡು, ಹಸಿದು, ಕೆರಳಿದ್ದರು. ಬುಟ್ಟಿಯಲ್ಲಿ ಎರಡು ರೊಟ್ಟಿ, ಚೂರು ಹಿಂಡಿ ಉಳಿದಿತ್ತು. “ಸಂಕಟ ಆದವರಿಗೆ ಎಣ್ಣೆಗಾಯಿ ಚಲೋ ಅಲ್ರಿ ವೈನಿ, ಅದಕ್ಕ ನಾನ ಮುಗಿಸಿದೆ” ಎಂದು ಸಾಹೇಬರು ಅತ್ತೆಯವರಿಗೆ ಹೇಳಿದರು.

“ದೋಣಿ ಹಿಡದಾಂವ ನಾನು” ಎಂದು ಮಾವನವರು ಗುಡುಗಿದರು. “ಎಷ್ಟು ನಡುಗಡ್ಡಿ ನೋಡಿದ್ರಿ?”

“ಎಣಿಸಲಿಲ್ಲ” ಎಂದರು ಅತ್ತೆಯವರು.

ಆಮೇಲೆ ಮಾವನವರು ದೋಣಿ ಹತ್ತಲಿಲ್ಲ. ಆದರೆ ದೋಣಿ ಹತ್ತಲು ಯಾವ ಹಂಗಾಮು ಒಳ್ಳೆಯದು ಎಂಬ ವಿಷಯಕ್ಕೆ ಊರಿನಲ್ಲಿ ಅವರೇ ಪಂಡಿತರಾದರು. ಕಟ್ಟೆಯ ಮೇಲೆ ಕೂತು, ಗಾಳಿ ಯಾವ ಮೂಲೆಯಿಂದ ಬೀಸಿದರೆ ಹಾಯಿ ಎಷ್ಟು ಬಿಚ್ಚಬೇಕು ಎಂದು, ಸಂತೆಗೆ ಎಮ್ಮೆ ಮಾರಲು ಬಂದವರಿಗೂ ಹೇಳಿ ಕಳಿಸುತ್ತಿದ್ದರು. ಮನೆಯೊಳಗಿನ ವಿಚಾರಣೆಗಳು ತಾವಾಗಿಯೇ ನಿಂತವು. ಬೆಕ್ಕು ಮರಿ ಹಾಕಿತು.

ಮರುವರ್ಷ ಸಂಕ್ರಾಂತಿ ಆದ ಮೇಲೆ ಅತ್ತೆಯವರು ಯಾರನ್ನೂ ಕೇಳದೆ ಮೂವರು ಹೆಣ್ಣುಮಕ್ಕಳಿಗೂ ಬರಲು ಹೇಳಿ ಕಳಿಸಿದರು. ಇಂಡಿಯವಳು ನಿಂಬೆ ಗಿಡಗಳನ್ನು ಗಂಡನಿಗೆ ಒಪ್ಪಿಸಿ ಬಂದಳು. ಸಿಂದಗಿಯವಳು ಹೊಲದ ಕೆಲಸ ತನ್ನ ಅತ್ತೆಗೆ ಬಿಟ್ಟು ಬಂದಳು. ಬಾಗೇವಾಡಿಯವಳ ಮನೆಗೆ ಬಂದ ಬೀಗರು ಬಾಗಿಲಿಗೆ ಕೀಲಿ ನೋಡಿ ತಿರುಗಿ ಹೋದರಂತೆ. ಹೊಳೆಯ ನಡುವೆ ಅತ್ತೆಯವರು ಅಂಬಿಗನಿಗೆ, “ನೀ ಕೂಡಪ್ಪಾ, ದಿನಾ ಹುಟ್ಟು ಹಾಕ್ತಿ” ಎಂದು ಹುಟ್ಟನ್ನು ತಾವೇ ಕಸಿದುಕೊಂಡರು. ಅವನು ಹೌದ್ರಿ ಎಂದು ಕೂತುಬಿಟ್ಟ. ಅವರು ದೋಣಿಯನ್ನು ನೆಟ್ಟಗೆ ಒಯ್ದು ಉಸುಕಿನ ದಿಬ್ಬಕ್ಕೆ ಹತ್ತಿಸಿದರು. ನಾವು ನಾಲ್ವರೂ ಸೀರೆ ಎತ್ತಿ ಕಟ್ಟಿ, ನೀರಿಗೆ ಇಳಿದು, ದೋಣಿಗೆ ಹೆಗಲು ಕೊಟ್ಟೆವು. ಒಬ್ಬಳಿಗೆ ನಗು ಬಂದು ಕೈ ಬಿಟ್ಟರೆ ಉಳಿದವರಿಗೂ ನಗು ಬಂದು ಎಲ್ಲರೂ ಕೈ ಬಿಡುತ್ತಿದ್ದೆವು. ಅತ್ತೆಯವರು ಒಳಗೆ ಕೂತು, ಹುಟ್ಟನ್ನು ಮೇಲೆತ್ತಿ ಹಿಡಿದು, “ದಬ್ಬ್ರೆ, ಗಟ್ಟಿ ಆಗಿ ದಬ್ಬ್ರೆ, ಉಂಡೀರಿಲ್ಲೋ!” ಎಂದು ಎಲ್ಲರಿಗೂ ಬೈಯುತ್ತಿದ್ದರು.